ಮಶೇರಿಯೂ ತಂಬಾಕೇ

ನನ್ನ ಬಲಗೈಯ ತೋರುಬೆರಳಿಗೆ ಕೆಲಸವಿಲ್ಲದೆ ಒಂದು ತಿಂಗಳಾಗುತ್ತ ಬಂತು. ಅದು ಸುಮ್ಮನಿರುವುದಿಲ್ಲ. ಮೇಜು ಕುಟ್ಟುತ್ತದೆ, ಸೆರಗಿನ ಅಂಚು ಸುತ್ತುತ್ತದೆ, ಸೀಮೆಸುಣ್ಣ ಸಿಕ್ಕರೆ ಮುರಿಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ತಾನಾಗಿಯೇ ಬಾಯಿಯ ಕಡೆ ಹೋಗುತ್ತದೆ; ಎಡಗೈಯಿಂದ ಹಿಡಿದು ಇಳಿಸುತ್ತೇನೆ. ಮನೆಯವರು ನೋಡಿ ನಗುತ್ತಾರೆ. ನಗಲಿ, ಅವರದೇನು ಹೋಗುತ್ತದೆ. ನಲವತ್ತು ವರ್ಷ ದಿನಕ್ಕೆ ನಾಲ್ಕು ಸಲ ಮಾಡಿದ ಕೆಲಸವನ್ನು ಒಮ್ಮೆಲೇ ಬಿಡು ಅಂದರೆ ಬೆರಳಾದರೂ ಏನು ಮಾಡೀತು?

ಮಶೇರಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತಂಬಾಕಿನ ಎಲೆಯನ್ನು ಕಾದ ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ, ಬೆರಳಿಗೆ ಹಚ್ಚಿಕೊಂಡು ಹಲ್ಲಿಗೂ ವಸಡಿಗೂ ತಿಕ್ಕುವುದು. ಅಷ್ಟೇ. ನನ್ನ ತವರು ಆಳಂದ ತಾಲೂಕಿನ ಹಿರೋಳ್ಳಿ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಅಲ್ಲಿ ಅವ್ವ ಒಂದು ಸೀಳುಬಿಟ್ಟ ಹಳೆಯ ಹಂಚನ್ನು ಇದಕ್ಕೇ ಅಂತ ಇಟ್ಟಿದ್ದಳು. ಅದು ಒಲೆಯೇರಿದ ದಿನ ಮನೆಯೆಲ್ಲ ಘಾಟು, ಅಪ್ಪ ಬೈಯುತ್ತ ಹೊರಗೆ ಹೋಗುತ್ತಿದ್ದ, ನಾವು ಮಕ್ಕಳು ಕೆಮ್ಮುತ್ತ ನಗುತ್ತಿದ್ದೆವು. ಬೆಳಗಿನ ಹೊತ್ತು ಅವ್ವ, ದೊಡ್ಡವ್ವ, ಸೋದರತ್ತೆ ಹಿತ್ತಲಿನ ಕಲ್ಲಿನ ಮೇಲೆ ಸಾಲಾಗಿ ಕೂತು ಬಾಯಿಗೆ ಬೆರಳು ಹಾಕುತ್ತಿದ್ದರು. ಬಾಯಿ ತುಂಬಿದ್ದರಿಂದ ಯಾರು ಕರೆದರೂ ಓ ಅನ್ನುವ ಹಂಗಿರಲಿಲ್ಲ. ದಿನದಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ನನಗೆ ಒಂಬತ್ತು ವರ್ಷವಿದ್ದಾಗ ದವಡೆ ಹಲ್ಲು ನೋವು ಬಂತು. ಅವ್ವ ಒಂದು ಚಿಟಿಕೆ ಪುಡಿ ಹಲ್ಲಿನ ಸಂದಿಗೆ ಒತ್ತಿದಳು. ತಲೆ ಗಿರ್ರೆಂದಿತು, ದನದ ಕೊಟ್ಟಿಗೆಯಲ್ಲಿ ವಾಂತಿ ಮಾಡಿಕೊಂಡೆ, ಆಮೇಲೆ ನೋವು ಹೋಯಿತು. ಇದೇನಬೇ ಅಂತ ಕೇಳಿದ್ದಕ್ಕೆ, ಹಲ್ಲುಪುಡಿ, ಹಲ್ಲುನೋವಿಗೆ ಒಳ್ಳೇದು ಅಂದಳು. ಮರುದಿನ ನೋವಿರಲಿಲ್ಲ, ನಾನೇ ಕೇಳಿ ಹಾಕಿಸಿಕೊಂಡೆ. ನಮ್ಮ ಕಡೆ ಗಂಡಸರು ಜಗಿಯುವುದಕ್ಕೆ ತಂಬಾಕು ಅನ್ನುತ್ತಾರೆ, ಹೆಂಗಸರು ತಿಕ್ಕುವುದಕ್ಕೆ ಹಲ್ಲುಪುಡಿ ಅನ್ನುತ್ತಾರೆ. ಕುಡುಕ ಗಂಡನ ಮೇಲೆ, ಗುಟ್ಕಾ ತಿನ್ನುವ ಮಗನ ಮೇಲೆ ಗೋಳಾಡುವ ಹೆಂಗಸು ಅದೇ ಬಾಯಲ್ಲಿ ಮಶೇರಿ ತಿಕ್ಕುತ್ತ ಗೋಳಾಡುತ್ತಾಳೆ, ತನಗೂ ಒಂದು ಚಟವಿದೆ ಅಂತ ಅವಳಿಗೆ ಹೊಳೆಯುವುದೇ ಇಲ್ಲ. ಬಿ.ಎಡ್. ಮಾಡಿದ ನನಗೂ ಹೊಳೆದಿರಲಿಲ್ಲ.

ಮದುವೆಯಾಗಿ ಜೇವರ್ಗಿಗೆ ಬಂದಾಗ ಅವ್ವ ಸೀರೆಗಳ ನಡುವೆ ಒಂದು ತಗಡಿನ ಡಬ್ಬಿ ಇಟ್ಟು ಕಳಿಸಿದ್ದಳು. ಮೊದಲ ದಿನ ಬೆಳಗ್ಗೆ ಅದನ್ನು ತೆಗೆದುಕೊಂಡು ಬಚ್ಚಲುಮನೆ ಸೇರಿದೆ. ಬಾಗಿಲು ಹಾಕಿ ಬೆರಳು ಬಾಯಿಗಿಟ್ಟಿದ್ದೇನೆ, ಹೊರಗಿನಿಂದ ಅತ್ತೆ ಬಾಗಿಲು ತಟ್ಟಿದರು. ಸಿಕ್ಕಿಬಿದ್ದೆ, ಇನ್ನು ನನ್ನ ಕತೆ ಮುಗಿಯಿತು ಅಂದುಕೊಂಡೆ. ಅತ್ತೆ ಮೆಲ್ಲಗೆ, "ನಂಗೂ ಒಂದ್ ಚಿಟಗಿ ಕೊಡಬೇ, ನಂದು ನಿನ್ನೇನ ತೀರ್ಯಾದ" ಅಂದರು. ಅವತ್ತಿನಿಂದ ಅವರು ತೀರಿಕೊಳ್ಳುವ ತನಕ ನಮ್ಮಿಬ್ಬರಲ್ಲಿ ಒಂದು ದಿನವೂ ಜಗಳವಾಗಲಿಲ್ಲ. ಮಶೇರಿಯ ಮೇಲೆ ನನಗೆ ಸಿಟ್ಟಿದೆ, ಆದರೆ ಸುಖ ಕೊಡಲಿಲ್ಲ ಅಂತ ಸುಳ್ಳು ಹೇಳಲಾರೆ.

ನಾನು ಕೆಲಸ ಮಾಡುವುದು ಅಫಜಲಪುರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ, ಕನ್ನಡ ಕಲಿಸುತ್ತೇನೆ. ಊರಿನ ಹೆಸರು ಬೇಡ. ಹೇಳಿದರೆ ನನಗೆ ಅಲ್ಲಿ ಮತ್ತೆ ಯಾರೂ ಚಹಾ ಕೊಡಲಿಕ್ಕಿಲ್ಲ. ಈಗ ಮನೆ ಅಫಜಲಪುರದಲ್ಲಿ, ದಿನಾ ಕೆಂಪು ಬಸ್ಸಿನಲ್ಲಿ ಹೋಗಿಬರುತ್ತೇನೆ. ಶಾಲೆಯ ಗೇಟಿನ ಎದುರಿಗೇ ಒಂದು ದುಕಾನ. ಅದನ್ನು ನಡೆಸುವ ಮುದುಕನನ್ನು ಊರೆಲ್ಲ ಚಾಚಾ ಅನ್ನುತ್ತದೆ. ಪೆನ್ನು, ರಬ್ಬರು, ಬಿಸ್ಕಿಟು, ಪೆಪ್ಪರಮಿಂಟು ಕೆಳಗೆ. ಅದರ ಮೇಲೆ, ಮಕ್ಕಳ ಮೂಗಿನ ಮಟ್ಟಕ್ಕೆ, ತಂಬಾಕಿನ ಪಾಕೀಟುಗಳ ಸರ. ನೂರು ಗಜದೊಳಗೆ ಇವೆಲ್ಲ ಮಾರಬಾರದು ಅಂತ ಶಾಲೆಯ ಕಾಂಪೌಂಡಿನ ಮೇಲೆ ಬಣ್ಣದಲ್ಲಿ ಬರೆದಿತ್ತು. ಚಾಚಾ ಆ ಬರಹಕ್ಕೆ ಎದುರಾಗಿ ಕೂತು ವರ್ಷಗಟ್ಟಲೆ ಮಾರಿದ, ಅದನ್ನು ಓದಲು ಕಲಿಸಿದ ನಾನು ವರ್ಷಗಟ್ಟಲೆ ಕೊಂಡೆ.

ಕೊಂಡೆ ಅಂದರೆ, ನಾನು ಹೋಗುತ್ತಿರಲಿಲ್ಲ. ಪಾಠ ಹೇಳುವ ಅಕ್ಕೋರು ದುಕಾನದ ಮುಂದೆ ನಿಂತು ಮಶೇರಿ ಕೇಳುವುದೆಂದರೇನು? ಹೆಣ್ಣುಮಕ್ಕಳನ್ನು ಕಳಿಸುವುದು ನಮ್ಮ ಕಡೆಯ ರೂಢಿ. ಅವ್ವ ನನ್ನನ್ನು ಕಳಿಸುತ್ತಿದ್ದಳು, ನಾನು ಏಳನೇ ಇಯತ್ತೆಯ ಒಬ್ಬ ಹುಡುಗಿಯನ್ನು ಕಳಿಸುತ್ತಿದ್ದೆ. ಅಕ್ಷರ ಮುತ್ತಿನ ಹಾಗೆ ಬರೆಯುವವಳು, ಓದುವಾಗ ಒತ್ತಕ್ಷರ ನುಂಗದವಳು. ನನ್ನ ಮೆಚ್ಚಿನವಳು ಅಂತ ತರಗತಿಗೆಲ್ಲ ಗೊತ್ತು. ಮಧ್ಯಾಹ್ನ ಊಟದ ಗಂಟೆ ಹೊಡೆದ ಕೂಡಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಏನೂ ಹೇಳಬೇಕಾಗಿರಲಿಲ್ಲ. ಚಾಚಾನ ಮುಂದೆ ನಿಂತರೆ ಸಾಕು, ಅವನು ಪೇಪರಿನಲ್ಲಿ ಕಟ್ಟಿದ ಪುಡಿಕೆ ಕೊಡುತ್ತಿದ್ದ. ಮೊದಲ ಸಲ ಅವಳು ಇದೇನ್ರಿ ಅಕ್ಕೋರ ಅಂತ ಕೇಳಿದಾಗ, ಹಲ್ಲುಪುಡಿ, ಹಲ್ಲುನೋವಿಗೆ ಒಳ್ಳೇದು ಅಂದೆ. ಅವ್ವನ ಮಾತು, ಅಕ್ಷರಶಃ.

ಹೋದ ಚಳಿಗಾಲದಲ್ಲಿ ಶಾಲೆಗೆ ಕಲಬುರಗಿಯಿಂದ ಹಲ್ಲಿನ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲು ಹೇಳಿದರು. ಎಲ್ಲರೂ ಕಿಲಕಿಲ ನಗುತ್ತಿದ್ದರು. ದೊಡ್ಡ ತರಗತಿಯ ಹುಡುಗರ ಸರದಿ ಬಂದಾಗ ನಗು ನಿಂತಿತು. ಕೆಲವರಿಗೆ ಎರಡೇ ಬೆರಳು ಹೋದವು, ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿ ಮಾಡುವ ಮಾವಾ ಅವರ ಗಲ್ಲವನ್ನು ಒಳಗಿನಿಂದ ಬಿಗಿದುಬಿಟ್ಟಿತ್ತು. ನಮ್ಮ ಹೆಡ್ ಮಾಸ್ತರರು ಹಣೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು.

ಆಮೇಲೆ ನನ್ನ ಹುಡುಗಿಯ ಸರದಿ. ಮೂರು ಬೆರಳು ಸಲೀಸಾಗಿ ಹೋದವು. ನಾನು ಉಸಿರು ಬಿಟ್ಟೆ. ಡಾಕ್ಟರು ಅವಳ ಕೆಳದುಟಿ ಎಳೆದು ಟಾರ್ಚು ಹಿಡಿದರು. ಒಳಗೆ, ವಸಡಿನ ಬುಡದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಗೆ ಸುಕ್ಕುಗಟ್ಟಿದ ಕಲೆ. ಇಲ್ಲಿ ಏನಿಡ್ತೀಯವ್ವಾ ಅಂತ ಕೇಳಿದರು. ಹುಡುಗಿ ಡಾಕ್ಟರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಹಲ್ಲುಪುಡಿ ರಿ ಅಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಕಿಟಕಿಯಾಚೆ ಏನಿತ್ತು ಅಂತ ಈಗ ಕೇಳಿದರೆ ನನಗೆ ನೆನಪಿಲ್ಲ.

ಬಿಳಿ ಕಲೆ ಈಗಲೇ ಬಿಟ್ಟರೆ ಬಹಳ ಮಟ್ಟಿಗೆ ಹೋಗುತ್ತದೆ, ಹೆದರಬೇಡಿ ಅಂತ ಡಾಕ್ಟರು ಎಲ್ಲರಿಗೂ ಹೇಳಿದರು. ಕೆಂಪಗಿನ ಕಲೆ ಇದ್ದರೆ, ವಾಸಿಯಾಗದ ಹುಣ್ಣು ಇದ್ದರೆ ಮಾತ್ರ ತಡಮಾಡದೆ ಕಲಬುರಗಿಗೆ ಬನ್ನಿ ಅಂದರು. ಕೊನೆಗೆ ಟೀಚರುಗಳನ್ನೂ ಕರೆದರು. ನನಗೆ ಕ್ಲಾಸಿದೆ ಅಂತ ಎದ್ದುಹೋದೆ. ಕ್ಲಾಸಿರಲಿಲ್ಲ.

ಸಂಜೆ ಹುಡುಗಿಯನ್ನು ಕರೆದು ಕೇಳಿದೆ. ಪುಡಿಕೆ ಸೋರುತ್ತಿತ್ತಂತೆ, ಬೆರಳಿಗೆ ಅಂಟಿದ್ದನ್ನು ನೆಕ್ಕಿದ್ದಳಂತೆ. ಒಮ್ಮೆ ಹಲ್ಲು ನೋಯುತ್ತಿತ್ತು, ನೀವು ಹೇಳಿದ್ದು ನೆನಪಾಯಿತು ಅಂದಳು. ದೀಪಾವಳಿಯಿಂದ ದಿನಾ ಇಡುತ್ತಿದ್ದಳು. ಇನ್ನು ಮುಟ್ಟಬೇಡ ಅಂದೆ, ಹೂಂ ಅಂದಳು. ಮರುದಿನದಿಂದ ಅವಳನ್ನು ದುಕಾನಕ್ಕೆ ಕಳಿಸುವುದು ಬಿಟ್ಟೆ. ಆದರೆ ನಾನು ಬಿಟ್ಟೆನೇ? ಅಫಜಲಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮುಖದ ತುಂಬ ಸೆರಗು ಹೊದ್ದು ಕೊಳ್ಳತೊಡಗಿದೆ. ಬಿಡಲು ಎರಡು ಸಲ ನೋಡಿದೆ. ಮೂರನೇ ದಿನಕ್ಕೆ ಹೊಟ್ಟೆ ಕಟ್ಟಿತು, ತಲೆ ಸಿಡಿಯಿತು, ಗಂಡನ ಮೇಲೆ ತಾಟು ಎಸೆದೆ.

ಅಷ್ಟರಲ್ಲಿ ಹೆಡ್ ಮಾಸ್ತರರು ಪಂಚಾಯಿತಿಗೆ ಒಂದು ಅರ್ಜಿ ಬರೆಯಬೇಕು, ಕನ್ನಡ ನಿಮ್ಮದು ಗಟ್ಟಿ, ನೀವೇ ಬರೀರಿ ಅಂದರು. ಬರೆದೆ ನೋಡಿ! ಅಂಥ ಆವೇಶದಲ್ಲಿ ನಾನು ಯಾವತ್ತೂ ಏನನ್ನೂ ಬರೆದಿಲ್ಲ. ಶಾಲೆಯ ಗೋಡೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು. ತಂಬಾಕು ಮಾರುವ ದುಕಾನಕ್ಕೆ ಪಂಚಾಯಿತಿಯ ಬೇರೆ ಪರವಾನಗಿ ಬೇಕು, ಅಲ್ಲಿ ಪೆನ್ನು ಬಿಸ್ಕಿಟು ಇಡಬಾರದು. ಯಾರೇ ಕಳಿಸಿದ್ದರೂ ಸಣ್ಣ ಮಕ್ಕಳ ಕೈಗೆ ಕೊಡಬಾರದು. ಆ "ಯಾರೇ ಕಳಿಸಿದ್ದರೂ" ಬರೆದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೆಳಗೆ ಪಟ್ಟಿ ಕೊಟ್ಟೆ: ಬೀಡಿ, ಸಿಗರೇಟು, ಗುಟ್ಕಾ, ಜರ್ದಾ, ಮಾವಾ. ಮಶೇರಿ ಬರೆಯಲಿಲ್ಲ. ಮರೆತೆ ಅಂತ ಹೇಳಿದರೆ ನೀವು ನಂಬಬಹುದು, ಆದರೆ ಮರೆತಿರಲಿಲ್ಲ.

ಪಂಚಾಯಿತಿಯವರು ಗ್ರಾಮಸಭೆಗೆ ಮುಂಚೆ ಅಳತೆ ಆಗಲಿ ಅಂದರು. ಟೇಪು ಸಣ್ಣದು, ಸುಣ್ಣದಿಂದ ಗುರುತು ಹಾಕಿ ಮತ್ತೆ ಮತ್ತೆ ಎಳೆಯಬೇಕು. ಗೇಟಿನಿಂದ ಅಳೆಯಬೇಕೋ ಗೋಡೆಯಿಂದಲೋ ಅಂತ ಅರ್ಧ ತಾಸು ವಾದ. ನನಗೆ ಬೆಳಗಿನಿಂದ ಮಶೇರಿ ಸಿಕ್ಕಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದನ್ನು ಹಿಡಿಯಲು ಬಂದವನು ಚಾಚಾ. ಅವನ ದುಕಾನ ಎಲ್ಲಿಂದ ಅಳೆದರೂ ಗೆರೆಯ ಒಳಗೇ ಬೀಳುತ್ತಿತ್ತು, ಅದು ಅವನಿಗೂ ಗೊತ್ತು. ಬಾಗಿ ಸುಣ್ಣ ಹಚ್ಚುತ್ತ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ:

"ಆ ಹುಡುಗಿ ಈಗೂ ಬರ್ತಾಳ ರಿ ಅಕ್ಕೋರ. ನೀವು ಕಳಿಸಾಕತ್ತೀರಿ ಅಂತ ಕೊಡಾಕತ್ತೇನಿ."

ನನ್ನ ಕೈಯಿಂದ ಟೇಪು ಜಾರಿತು. ಅದು ಸರ್ರನೆ ಸುತ್ತಿಕೊಂಡು ಹೋಗಿ ಅವನ ಕೈಗೆ ಬಡಿಯಿತು. ನಾನು ಕಳಿಸುತ್ತಿಲ್ಲ, ಇನ್ನು ಕೊಡಬೇಡ ಅಂದೆ. ಅವನು ಕೈ ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀವು ಬ್ಯಾಡ ಅಂದ್ರ ನಾ ಕೊಡಂಗಿಲ್ಲ ರಿ. ಖರೆ, ಮುಂದಿನ ದುಕಾನದಾಂವ ಕೊಡ್ತಾನ. ನಿಮ್ಮ ಕಾಗದದಾಗ ಅದರ ಹೆಸರ ಇಲ್ಲಲ್ಲ."

ಗ್ರಾಮಸಭೆಯ ತನಕದ ನಾಲ್ಕು ದಿನ ನಾನು ಹೇಗೆ ಕಳೆದೆ ಅಂತ ಹೇಳಲಾರೆ. ಬಸ್ಸಿನಲ್ಲಿ ಕೂತರೆ ಕೂರಲಾಗದು, ತರಗತಿಯಲ್ಲಿ ಪಾಠ ಅರ್ಧಕ್ಕೆ ಮರೆಯುವುದು. ಹುಡುಗಿಯನ್ನು ಕರೆದು ಗದರಿಸಿದೆ. ಅವಳು ಅಳಲಿಲ್ಲ, ನನ್ನ ಬಾಯಿಯನ್ನೇ ನೋಡಿದಳು. ಆಗಷ್ಟೇ ತಿಕ್ಕಿ ಬಾಯಿ ತೊಳೆದು ಬಂದಿದ್ದೆ, ಹಲ್ಲಿನ ಸಂದಿಯಲ್ಲಿ ಕಪ್ಪು ಉಳಿದಿತ್ತೋ ಏನೋ. ಏನು ಮುಖ ಇಟ್ಟುಕೊಂಡು ಗದರಿಸುವುದು? ಅವಳ ಅವ್ವನಿಗೆ ಹೇಳೋಣ ಅಂತ ಒಂದು ಸಂಜೆ ಮನೆಯ ತನಕ ಹೋದೆ. ಆಕೆ ಕಟ್ಟೆಯ ಮೇಲೆ ಕೂತು ಮಶೇರಿ ತಿಕ್ಕುತ್ತಿದ್ದಳು, ಬರ್ರಿ ಅಕ್ಕೋರ ಅಂತ ಡಬ್ಬಿ ಮುಂದೆ ಹಿಡಿದಳು. ನಾನು ತೆಗೆದುಕೊಂಡೆ. ಹೇಳಲು ಹೋದದ್ದನ್ನು ಹೇಳದೆ, ಬಾಯಿ ತುಂಬ ಮಶೇರಿ ಇಟ್ಟುಕೊಂಡು ವಾಪಸ್ಸು ಬಂದೆ. ನನ್ನ ಬಾಳಿನಲ್ಲಿ ನನ್ನ ಬಗ್ಗೆ ನನಗೇ ಅಷ್ಟು ಹೇಸಿಗೆಯಾದದ್ದು ಆವತ್ತೇ.

ಗ್ರಾಮಸಭೆ ಪಂಚಾಯಿತಿ ಕಟ್ಟೆಯ ಮುಂದೆ ನಡೆಯಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಆಫೀಸಿನ ಬಾಗಿಲ ಹತ್ತಿರ. ಪಿಡಿಓ ಅರ್ಜಿ ಓದಿದರು. ಗೊಣಗಾಟ ಎದ್ದಿತು, ಇಳಿಯಿತು. ಬಾಯಿ ತೆರೆಯದ ಹುಡುಗರ ಅಪ್ಪಂದಿರು ಅಲ್ಲಿದ್ದರು, ಅವರ ಮುಂದೆ ಯಾರು ಏನು ಹೇಳಿಯಾರು? ಠರಾವು ಆಗುವುದರಲ್ಲಿತ್ತು. ಆಗ ಚಾಚಾ ಎದ್ದು ನಿಂತು, ಮಶೇರಿ ಈ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಕೇಳಿದ. ದುಕಾನ ನಡೆಸುವವನಿಗೆ ಗೊತ್ತಾಗಬೇಕಲ್ಲ ಅಂದ. ಸಭೆ ನಕ್ಕಿತು. ಒಬ್ಬ ಮೆಂಬರು, ಅದು ಹಲ್ಲುಪುಡಿ, ಹೆಣ್ಣುಮಕ್ಕಳ ಗೊಡವೆಗೆ ಹೋಗುವುದು ಬೇಡ ಅಂದ. ಹೆಂಗಸರಂತೂ ಒಮ್ಮೆಲೇ ಮಾತಾಡತೊಡಗಿದರು. ಅದು ಔಷಧ, ನಮ್ಮ ಅವ್ವಂದಿರ ಕಾಲದಿಂದ ಇದೆ, ಗಂಡಸರ ಚಟಕ್ಕೆ ನಮ್ಮನ್ನೇಕೆ ಸೇರಿಸುತ್ತೀರಿ ಅಂದರು. ಅರ್ಜಿ ಬರೆದವರು ಅಕ್ಕೋರು, ಅವರೇ ಹೇಳಲಿ ಅಂತ ಪಿಡಿಓ ನನ್ನ ಕಡೆ ನೋಡಿದರು.

ಮಶೇರಿ ಇಲ್ಲ ಅಂತ ಸುಮ್ಮನೆ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಹೆಂಗಸರೆಲ್ಲ ನನ್ನನ್ನು ಹೊಗಳುತ್ತಿದ್ದರು, ಹುಡುಗರ ಬಾಯಿ ಉಳಿಯುತ್ತಿತ್ತು, ನನ್ನ ಡಬ್ಬಿಯೂ ಉಳಿಯುತ್ತಿತ್ತು. ಹುಡುಗಿಯ ಬಾಯಿ ಮಾತ್ರ ಉಳಿಯುತ್ತಿರಲಿಲ್ಲ. ಬಾಗಿಲ ಹತ್ತಿರ ಅವಳ ಎರಡು ಜಡೆ ಕಾಣಿಸುತ್ತಿದ್ದವು. ಎದ್ದು ನಿಂತೆ. ನಾನು ದಿನಾ ಪುಸ್ತಕದ ಭಾಷೆಯಲ್ಲಿ ಮಾತಾಡುವವಳು, ಅವತ್ತು ಹಿರೋಳ್ಳಿಯ ಭಾಷೆಯೇ ಬಂತು.

"ಮಶೇರಿನೂ ತಂಬಾಕ ರಿ. ನಾ ಒಂಬತ್ತು ವರ್ಷದಾಕಿ ಇದ್ದಾಗಿಂದ ತಿಕ್ಕತೇನಿ, ಇವತ್ತ ಮುಂಜಾನೆನೂ ತಿಕ್ಕೇನಿ. ನಮ್ಮ ಸಾಲಿ ಹುಡುಗಿ ಕೈಲೆ ತರಿಸೇನಿ. ಆಕಿಗೆ ಹಲ್ಲುಪುಡಿ ಅಂತ ಸುಳ್ಳ ಹೇಳೇನಿ. ಈಗ ಆಕಿ ಬಾಯಾಗ ಕಲೆ ಬಿದ್ದದ."

ಯಾರೂ ನಗಲಿಲ್ಲ. ಹೆಂಗಸರ ಸಾಲಿನಿಂದ ಹುಡುಗಿಯ ಅವ್ವನೇ ಕೇಳಿದಳು, ಯಾವ ಹುಡುಗಿ ಅಂತ. ನಾನು ಹೆಸರು ಹೇಳುವ ಮೊದಲೇ ಬಾಗಿಲ ಕಡೆಯಿಂದ ಉತ್ತರ ಬಂತು.

"ನಾನ ಬೇ."

ಆಕೆ ಮಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ನನ್ನ ಡಬ್ಬಿಯಿಂದ ಕದೀತಾಳ ಅಂತ ನಾ ಮುಚ್ಚಿಡತಿದ್ದೆ" ಅಂತ ಯಾರಿಗೋ ಹೇಳುವ ಹಾಗೆ ಹೇಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಪಿಡಿಓ ಕಡೆ ತಿರುಗಿ, "ಬರೀರಿ ಸಾಹೇಬ್ರ. ಅದನ್ನೂ ಬರೀರಿ" ಅಂದಳು. ಬರೆದರು. ಮಾವಾ ಅನ್ನುವುದರ ಕೆಳಗೆ ಮಶೇರಿ ಸೇರಿತು. ಆಕೆ ಮಗಳ ರಟ್ಟೆ ಹಿಡಿದು ಹೊರಟಳು. ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ, ದಾರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಹೋಗುತ್ತಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಅವತ್ತು ಸಂಜೆ ನನ್ನ ಡಬ್ಬಿಯನ್ನು ಅಫಜಲಪುರದ ಮನೆಯ ಹಿಂದಿನ ಗಟಾರಕ್ಕೆ ಸುರಿದೆ. ಮರುದಿನ ಬೆಳಗ್ಗೆ ಅದೇ ಗಟಾರದ ಮುಂದೆ ಹೋಗಿ ನಿಂತಿದ್ದೆ, ಇದನ್ನೂ ಹೇಳಿಬಿಡುತ್ತೇನೆ.

ಈಗ ರಸ್ತೆಯ ಮೇಲೆ ನೂರು ಗಜದ ಹಳದಿ ಗೆರೆ ಇದೆ. ಎಲ್ಲ ಸರಿಹೋಯಿತು ಅಂತಲ್ಲ. ಗೆರೆಯಾಚೆ ಪರವಾನಗಿ ತೆಗೆದುಕೊಂಡ ಒಂದು ದುಕಾನ ಇದೆ. ಮಕ್ಕಳನ್ನು ಕಳಿಸಿದರೆ ವಾಪಸ್ಸು ಕಳಿಸುತ್ತಾರೆ, ಅದಕ್ಕೆ ವಾರಕ್ಕೊಂದು ಜಗಳ, ಎಲ್ಲ ಜಗಳದಲ್ಲೂ ನನ್ನ ಹೆಸರು. ಚಾಚಾ ಪಾಕೀಟಿನ ಸರ ತೆಗೆದು ಪೆನ್ನು ಬಿಸ್ಕಿಟು ಉಳಿಸಿಕೊಂಡ. ಗಿರಾಕಿ ಕಡಿಮೆಯಾಗಿದ್ದಾರೆ, ನನ್ನ ಮೇಲೆ ಸಿಟ್ಟಿದೆ, ಆದರೂ ದಿನಾ ಬೆಳಗ್ಗೆ ನಾನು ಬಸ್ಸಿಳಿದಾಗ ಬೆರಳು ಹೆಂಗದ ಅಂತ ಕೇಳದೆ ಬಿಡುವುದಿಲ್ಲ. ಕಡಿಯಬೇಕು ಅನಿಸುತ್ತದೆ ಅಂದರೆ ನಗುತ್ತಾನೆ.

ಹುಡುಗಿ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಈಗಲೂ ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾಳೆ. ಅವಳಿಗೂ ರೂಢಿ, ನನಗೂ ರೂಢಿ, ಹೋಗಲು ಮಾತ್ರ ದುಕಾನವಿಲ್ಲ. ಇಬ್ಬರೂ ನಳದ ಹತ್ತಿರ ಹೋಗುತ್ತೇವೆ. ಅವಳು ಕೆಳದುಟಿ ಎಳೆದು ತೋರಿಸುತ್ತಾಳೆ, ನಾನು ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಸುಕ್ಕು ಹೋಗಿದೆ, ಬಿಳುಪು ದಿನದಿಂದ ದಿನಕ್ಕೆ ತೆಳುವಾಗುತ್ತಿದೆ. ಮೊನ್ನೆ ಹುಡುಕಿದರೂ ಸರಿಯಾಗಿ ಕಾಣಿಸಲಿಲ್ಲ. ನನಗೆ ಕುಣಿಯಬೇಕು ಅನ್ನುವಷ್ಟು ಸಂತೋಷವಾಯಿತು, ಅವಳ ಜಡೆ ಹಿಡಿದು ಜಗ್ಗಿದೆ.

ಅವಳು ಜಡೆ ಬಿಡಿಸಿಕೊಂಡು, "ಈಗ ನಿಮ್ದು ತೋರಸ್ರಿ ಅಕ್ಕೋರ" ಅಂದಳು.

ನನ್ನದೇನು ನೋಡುತ್ತೀ, ಮುದುಕಿಯ ಬಾಯಿ ಅಂದೆ. ಅವಳು ಕದಲಲಿಲ್ಲ. ನನ್ನ ಬಾಯೊಳಗೆ ಎಡಗಡೆ, ನಲವತ್ತು ವರ್ಷ ಪುಡಿ ಕೂತ ಜಾಗದಲ್ಲಿ, ಮಶೇರಿ ಬಿಟ್ಟ ಮೇಲೆ ಉರಿ ಶುರುವಾಗಿತ್ತು. ಬಿಟ್ಟದ್ದಕ್ಕೇ ಹೀಗೆ, ಹೋಗುತ್ತದೆ ಅಂದುಕೊಂಡಿದ್ದೆ. ಕನ್ನಡಿ ಹಿಡಿದು ನೋಡಿರಲಿಲ್ಲ. ನಳದ ಕಟ್ಟೆಯ ಮೇಲೆ ಕೂತು ತುಟಿ ಎಳೆದೆ. ಅವಳು ಬಿಸಿಲಿಗೆ ಅಡ್ಡವಾಗದ ಹಾಗೆ ಪಕ್ಕಕ್ಕೆ ಸರಿದು, ಡಾಕ್ಟರು ಮಾಡಿದ ಹಾಗೆಯೇ ತಲೆ ಬಾಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನಿಮ್ದು ಬಿಳಿ ಇಲ್ರಿ," ಅಂದಳು. "ಕೆಂಪ ಅದ."

ನಾಳೆ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗುತ್ತಿದ್ದೇನೆ. ಮನೆಯವರು ಚೀಲ ತುಂಬುತ್ತಿದ್ದಾರೆ, ನಗುತ್ತಿಲ್ಲ. ಬೆರಳು ಇದನ್ನು ಬರೆಯುವಾಗ ಮಾತ್ರ ಸ್ವಲ್ಪ ಸುಮ್ಮನಿದೆ. ಏನಾಗುತ್ತದೋ ಅನ್ನುವುದಕ್ಕಿಂತ ಆ ಹುಡುಗಿಯ ಮುಖವೇ ಕಣ್ಣ ಮುಂದೆ ಬರುತ್ತಿದೆ. ಕೆಂಪ ಅದ ಅಂದ ಮೇಲೂ ಅವಳು ನನ್ನ ಗಲ್ಲ ಹಿಡಿದುಕೊಂಡೇ ನಿಂತಿದ್ದಳು. ಅವಳ ಸರದಿ ಬಂದ ದಿನ ನಾನು ಕಿಟಕಿಯ ಕಡೆ ತಿರುಗಿದ್ದೆ. ಅವಳು ಎಲ್ಲಿಗೂ ತಿರುಗಲಿಲ್ಲ.